ಕಲ್ಲಿನೊಳಗಿನ ಚಿನ್ನ ಮತ್ತು ಎಕ್ಸ್-ರೇ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು ಎಂದರೆ ಜನ ಮೊದಲು ನನ್ನ ಬೆರಳು ನೋಡುತ್ತಾರೆ, ಉಂಗುರ ಇದೆಯೇ ಎಂದು. ಇಲ್ಲ. ನಾನು ಚಿನ್ನ ತೆಗೆದವನಲ್ಲ, ಕಲ್ಲಿನಲ್ಲಿ ಎಷ್ಟಿದೆ ಎಂದು ಅಳೆದವನು. ಪರೀಕ್ಷಾಲಯದ ನೌಕರ.

ಗಣಿಯ ಅದಿರಿನಲ್ಲಿ ಚಿನ್ನ ಕಣ್ಣಿಗೆ ಕಾಣುವುದೇ ಅಪರೂಪ. ಒಂದು ಟನ್ ಕಲ್ಲಿಗೆ ಮೂರು ಗ್ರಾಂ ಇದ್ದರೆ ಅದು ತೆಗೆಯಲು ಯೋಗ್ಯವಾದ ಅದಿರು. ಟ್ರ್ಯಾಕ್ಟರ್ ತುಂಬ ಕಲ್ಲು ಹೇರಿದರೆ ಒಂದೆರಡು ಉಂಗುರದಷ್ಟು ಎಂದುಕೊಳ್ಳಿ. ಅದನ್ನು ಅಳೆಯುವ ಹಳೆಯ ವಿಧಾನಕ್ಕೆ ಫೈರ್ ಅಸ್ಸೇ ಎನ್ನುತ್ತಾರೆ, ಅಂದರೆ ಅಗ್ನಿಪರೀಕ್ಷೆ. ನುಣ್ಣಗೆ ಅರೆದ ಕಲ್ಲಿನ ಪುಡಿ 30 ಗ್ರಾಂ ತೂಗಿ, ಸೀಸದ ಆಕ್ಸೈಡ್, ಬಿಳಿಗಾರ, ಸೋಡಾ ಬೆರೆಸಿ, ಕೊನೆಗೆ ಒಂದು ಚಿಟಿಕೆ ಗೋಧಿಹಿಟ್ಟು ಹಾಕುತ್ತೇವೆ. ಹೌದು, ಚಪಾತಿ ಹಿಟ್ಟೇ. ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಆ ಹಿಟ್ಟಿನ ಇಂಗಾಲವು ಆಕ್ಸೈಡನ್ನು ಸೀಸವಾಗಿಸುತ್ತದೆ. ಸೀಸದ ಹನಿಗಳು ಕರಗಿದ ಕಲ್ಲಿನ ಮೂಲಕ ಇಳಿಯುವಾಗ ದಾರಿಯಲ್ಲಿ ಸಿಕ್ಕ ಚಿನ್ನವನ್ನೆಲ್ಲ ಗುಡಿಸಿಕೊಂಡು ತಳ ಸೇರುತ್ತವೆ. ಆ ಸೀಸದ ಗುಂಡಿಯನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಕುಡಿಯುತ್ತದೆ, ಸಾಸಿವೆಗಿಂತ ಚಿಕ್ಕ ಮಣಿಯೊಂದು ಉಳಿಯುತ್ತದೆ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆದರೆ ಉಳಿದದ್ದು ಚಿನ್ನ. ಅದನ್ನು ತೂಗಬೇಕು.

ಈ ವಿಧಾನ ಬಲು ನಂಬಿಕಸ್ಥ. ಇಂದಿಗೂ ಒಡವೆಯ ಶುದ್ಧತೆಯ ಬಗ್ಗೆ ತಕರಾರು ಬಂದರೆ ಕೊನೆಯ ಮಾತು ಇದರದ್ದೇ. ಆದರೆ ಕುಲುಮೆಯ ಬಾಗಿಲು ತೆಗೆದಾಗಲೆಲ್ಲ ಸೀಸದ ಹೊಗೆ ಮುಖಕ್ಕೆ ಬರುತ್ತಿತ್ತು. ಸೀಸ ರಕ್ತಕ್ಕೆ ಸೇರಿದರೆ ಸುಲಭಕ್ಕೆ ಬಿಡುವುದಿಲ್ಲ, ಮೂಳೆಯಲ್ಲಿ ಹೋಗಿ ಕೂರುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರ ಕೈ ನಿವೃತ್ತಿಗೆ ಮೊದಲೇ ನಡುಗುತ್ತಿತ್ತು. ಮಣಿಯನ್ನು ಚಿಮಟದಲ್ಲಿ ಹಿಡಿದು ತಕ್ಕಡಿಗೆ ಹಾಕಲು ನನ್ನನ್ನು ಕರೆಯುತ್ತಿದ್ದರು.

ಇನ್ನೊಂದು ತೊಂದರೆ ಆ 30 ಗ್ರಾಂನದು. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಒಮ್ಮೆ ಹೊಸ ಸುರಂಗದ ಮುಖದಿಂದ ಬಂದ ಮಾದರಿ ಟನ್ನಿಗೆ 11 ಗ್ರಾಂ ತೋರಿಸಿತು. ಅದೇ ಚೀಲದ ಪುಡಿಯನ್ನು ಮತ್ತೆ ಸುಟ್ಟೆ, 2 ಗ್ರಾಂ ಬಂತು. ಮೂರನೆಯ ಸಲ ಸುಡಬೇಕಿತ್ತು. ಪಾಳಿ ಮುಗಿಯುವ ಹೊತ್ತು, ಸರಾಸರಿ ಆರೂವರೆ ಎಂದು ಬರೆದು ಕಳಿಸಿದೆ. ಆ ಅಂಕಿಯನ್ನು ನಂಬಿ ವಾರಗಟ್ಟಲೆ ಅಲ್ಲಿ ಕೊರೆದರು, ಸಿಡಿಸಿದರು. ಮೇಲೆ ಬಂದದ್ದು ಬರಿಗಲ್ಲು. ಬೆವರು ಸುರಿಸಿದವರು ಬೇರೆಯವರು, ಅಂಕಿ ನನ್ನದು.

ಆಮೇಲೆ ಕೂತು ಲೆಕ್ಕ ಹಾಕಿದೆ. 11ಕ್ಕೂ 2ಕ್ಕೂ ಇರುವ ಅಂತರ 30 ಗ್ರಾಂ ಪುಡಿಯಲ್ಲಿ 0.27 ಮಿಲಿಗ್ರಾಂ ಚಿನ್ನ. ಚಿನ್ನದ ಸಾಂದ್ರತೆ 19.3. ಹಾಗಾದರೆ 0.3 ಮಿಲಿಮೀಟರ್ ಅಗಲದ ಒಂದೇ ಒಂದು ಕಣ ಸಾಕು, ಸಣ್ಣ ರವೆಯಷ್ಟು. ಕಲ್ಲು ಅರೆದರೆ ಪುಡಿಯಾಗುತ್ತದೆ, ಚಿನ್ನ ಪುಡಿಯಾಗದೆ ಚಪ್ಪಟೆಯಾಗುತ್ತದೆ. ಹಾಗಾಗಿ ಇಂಥ ಕಣ ಉಳಿದುಕೊಳ್ಳುತ್ತದೆ. ಅದು ನನ್ನ ಚಮಚಕ್ಕೆ ಸಿಕ್ಕರೆ ಶ್ರೀಮಂತ ಅದಿರು, ಸಿಗದಿದ್ದರೆ ಬಡ ಅದಿರು. ಅದೇ ಕಣ 500 ಗ್ರಾಂ ಪುಡಿಯಲ್ಲಿದ್ದಿದ್ದರೆ ಫಲಿತಾಂಶ ಟನ್ನಿಗೆ ಅರ್ಧ ಗ್ರಾಂನಷ್ಟು ಮಾತ್ರ ಏರುತ್ತಿತ್ತು. ಆದರೆ ಅರ್ಧ ಕಿಲೋ ಪುಡಿಯನ್ನು ಕುಲುಮೆಯಲ್ಲಿ ಸುಡಲು ಹದಿನೇಳು ಮೂಸೆ ಬೇಕು.

ಇಲ್ಲಿಗೆ ಎಕ್ಸ್-ರೇ ಬರುತ್ತದೆ. ಚಿನ್ನದಂಗಡಿಯಲ್ಲಿ ಒಡವೆ ಇಟ್ಟು ಕ್ಯಾರೆಟ್ ಹೇಳುವ ಯಂತ್ರ ನೋಡಿದ್ದೀರಿ. ಅದೂ ಎಕ್ಸ್-ರೇಯೇ, ಆದರೆ ಅದು ಮೇಲ್ಪದರವನ್ನಷ್ಟೇ ಓದುತ್ತದೆ, ದಪ್ಪ ಲೇಪನಕ್ಕೆ ಮೋಸಹೋಗುತ್ತದೆ. ಅದಿರಿಗೆ ಅದು ಸಾಲದು. ಅಷ್ಟು ಕಡಿಮೆ ಚಿನ್ನ ಅದಕ್ಕೆ ಸರಿಯಾಗಿ ಕಾಣದು, ಸತುವಿನ ರೇಖೆಯೊಂದು ಚಿನ್ನದ ರೇಖೆಯ ಪಕ್ಕದಲ್ಲೇ ಬಂದು ಗೊಂದಲ ಮಾಡುತ್ತದೆ. ಬೇರೆ ಉಪಯೋಗವೇನೋ ಉಂಟು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜ ಇರುತ್ತದೆ. ಇಂಥ ಕಡೆ ಕೈಯಲ್ಲಿ ಹಿಡಿಯುವ ಯಂತ್ರ ಆರ್ಸೆನಿಕ್ಕನ್ನು ತೋರಿಸಿದರೆ ಚಿನ್ನ ಹತ್ತಿರದಲ್ಲಿರಬಹುದೆಂಬ ಸುಳಿವು ಸಿಗುತ್ತದೆ.

ಹೊಸ ವಿಧಾನದ ಎಕ್ಸ್-ರೇ ಬೇರೆಯೇ ಜಾತಿ. ಎದೆಯ ಚಿತ್ರ ತೆಗೆಯಲು ಒಂದು ಲಕ್ಷ ವೋಲ್ಟಿನ ಆಸುಪಾಸು ಸಾಕು. ಇಲ್ಲಿ ಎಲೆಕ್ಟ್ರಾನುಗಳನ್ನು ಎಂಬತ್ತು ಲಕ್ಷಕ್ಕೂ ಹೆಚ್ಚಿನ ಶಕ್ತಿಗೆ ಓಡಿಸಿ ಲೋಹಕ್ಕೆ ಬಡಿಸುತ್ತಾರೆ. ಹುಟ್ಟುವ ಎಕ್ಸ್-ರೇ ಅರ್ಧ ಕಿಲೋ ಪುಡಿ ತುಂಬಿದ ಡಬ್ಬಿಯನ್ನು ತೂರಿಕೊಂಡು ಹೋಗಿ ಚಿನ್ನದ ಪರಮಾಣುವಿನ ಬೀಜವನ್ನೇ ಅಲುಗಾಡಿಸುತ್ತದೆ. ಅಲುಗಿದ ಬೀಜ ಮತ್ತೆ ಸಮಾಧಾನಕ್ಕೆ ಬರುವಾಗ 279 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣ ಹೊರಡುತ್ತದೆ. ಅದು ಚಿನ್ನದ ಗುರುತು. ಅದರ ಅರ್ಧಾಯುಷ್ಯ ಎಂಟು ಸೆಕೆಂಡಿಗಿಂತಲೂ ಸ್ವಲ್ಪ ಕಡಿಮೆ, ಆದ್ದರಿಂದ ಡಬ್ಬಿಯನ್ನು ಯಂತ್ರದ ಕೈ ಸರಕ್ಕನೆ ಎತ್ತಿ ಎಣಿಸುವ ಜಾಗಕ್ಕೆ ಒಯ್ಯಬೇಕು. ಎರಡು ಮೂರು ನಿಮಿಷದಲ್ಲಿ ಉತ್ತರ. ಕುಲುಮೆ ಇಲ್ಲ, ಸೀಸ ಇಲ್ಲ. ಪುಡಿ ಡಬ್ಬಿಯಲ್ಲಿ ಹಾಗೇ ಉಳಿಯುತ್ತದೆ, ಅನುಮಾನ ಬಂದರೆ ಅದನ್ನೇ ಮತ್ತೆ ಅಳೆಯಬಹುದು.

ಸೋವಿಯತ್ ಕಾಲದಲ್ಲೇ, 1970ರ ದಶಕದಲ್ಲಿ, ಉಜ್ಬೇಕಿಸ್ತಾನದ ಮುರುಂತಾವು ಗಣಿಯಲ್ಲಿ ಈ ತತ್ವ ಬಳಸಿದ್ದರು. ಅದನ್ನು ಮಾರುಕಟ್ಟೆಗೆ ತಕ್ಕ ಯಂತ್ರವಾಗಿಸಿದ್ದು ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ಸಂಶೋಧನಾ ಸಂಸ್ಥೆ. ಅದರಿಂದ ಹುಟ್ಟಿದ ಕ್ರೈಸೋಸ್ ಎಂಬ ಕಂಪನಿಯ ಮೊದಲ ಯಂತ್ರ 2018ರಲ್ಲಿ ಪರ್ತ್ ನಗರದಲ್ಲಿ ಕೆಲಸ ಆರಂಭಿಸಿತು.

ಯಂತ್ರ ದುಬಾರಿ, ಸುತ್ತ ದಪ್ಪ ಕವಚ ಬೇಕು. ಕುಲುಮೆಯ ಮುಂದೆ ನಿಲ್ಲುತ್ತಿದ್ದ ನಮ್ಮಂಥವರ ಸಂಖ್ಯೆಯೂ ಇಳಿಯುತ್ತದೆ. ಅದನ್ನು ಮುಚ್ಚಿಡಲಾರೆ. ಕೆಲಸ ಹೋಗುವುದೂ ಸೀಸ ಹೋಗುವುದೂ ಒಟ್ಟಿಗೇ ಬಂದರೆ ಯಾವುದಕ್ಕೆ ಅಳಬೇಕು ಎಂದು ಹಳೆಯ ಸಹೋದ್ಯೋಗಿಯೊಬ್ಬ ಫೋನಿನಲ್ಲಿ ಕೇಳಿದ. ನಾನು ಸೀಸದ ಪಕ್ಷ ವಹಿಸಲಿಲ್ಲ.

ಆದರೆ ಡಬ್ಬಿಗೆ ಏನು ತುಂಬುತ್ತೀರಿ ಎಂಬುದನ್ನು ಎಕ್ಸ್-ರೇ ಕೇಳುವುದಿಲ್ಲ. ನೂರಾರು ಟನ್ ಬಂಡೆಯ ಪರವಾಗಿ ಆ ಅರ್ಧ ಕಿಲೋ ಮಾತಾಡುತ್ತದೆ. ಕತ್ತಲ ಸುರಂಗದಲ್ಲಿ ಉಳಿ ಸುತ್ತಿಗೆ ಹಿಡಿದು, ಹೊಳೆಯುವ ಕಡೆ ಹೆಚ್ಚು ಕೆತ್ತದೆ, ಗಟ್ಟಿ ಇರುವ ಕಡೆ ಬಿಡದೆ, ಗೋಡೆಯುದ್ದಕ್ಕೂ ಒಂದೇ ಸಮ ಕೆತ್ತಿ ಚೀಲ ತುಂಬುವವನು ಇಂದಿಗೂ ಬೇಕು. ಹತ್ತನೆಯ ತರಗತಿಯ ಮಕ್ಕಳಿಗಾಗಿ ಮೂಳೆಬೂದಿಯ ಒಂದು ಬಟ್ಟಲು, ಒಂದು ಹಳೆಯ ಮೂಸೆ ತಂದಿದ್ದೇನೆ. ಬಳಸದೆ ಉಳಿದವು, ಸೀಸ ತಾಗಿಲ್ಲ. ವಿಜ್ಞಾನದ ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೇನೆ, ಮುಟ್ಟಿ ನೋಡಬಹುದು.