‘ಹತ್ತಿದ್ದೆ’ ಎಂಬ ಮಾತು

ಹಂಸಭಾವಿಯ ಹುಡುಗನೊಬ್ಬ ‘ದಿನಾಲೂ ಶಾಲೆಗೆ ಹೋಗುತ್ತಿದ್ದೆ’ ಎಂಬುದನ್ನು ‘ಐ ವಾಸ್ ಗೋಯಿಂಗ್ ಟು ಸ್ಕೂಲ್ ಎವ್ರಿ ಡೇ’ ಎಂದು ಬರೆದರೆ ಮಾಸ್ತರರಾದ ನಾವು ಕೆಂಪು ಗೆರೆ ಎಳೆಯುತ್ತೇವೆ. ಅವನನ್ನು ಎಡವಿಸಿದ್ದು ಪುಸ್ತಕದ ಕನ್ನಡ. ಅದರ ‘ಹೋಗುತ್ತಿದ್ದೆ’ ರೂಢಿಗೂ ಸಲ್ಲುತ್ತದೆ, ಆ ಗಳಿಗೆಯಲ್ಲಿ ನಡೆದಿದ್ದ ಕ್ರಿಯೆಗೂ ಸಲ್ಲುತ್ತದೆ. ಇಂಗ್ಲಿಷಿನ ‘ವಾಸ್ ಗೋಯಿಂಗ್’ ಸಾಮಾನ್ಯವಾಗಿ ಎರಡನೆಯದಕ್ಕೇ ಮೀಸಲು. ರೂಢಿಗೆ ‘ವೆಂಟ್’ ಇಲ್ಲವೆ ‘ಯೂಸ್ಡ್ ಟು ಗೋ’ ಬೇಕು.

ಈ ಭೇದ ಹುಡುಗನಿಗೆ ಹೊಸದೇನಲ್ಲ. ಮನೆಯಲ್ಲಿ ಅವನು ‘ದಿನಾ ಇಲ್ಲೇ ಉಣ್ತಿದ್ದೆ’ ಎನ್ನುತ್ತಾನೆ. ‘ಉಣ್ಣಾಕ ಹತ್ತಿದ್ದೆ, ಮಳಿ ಬಂತು’ ಎಂದೂ ಅನ್ನುತ್ತಾನೆ. ‘ವಾಸ್ ಈಟಿಂಗ್’ ಎಂಬುದಕ್ಕೆ ಈ ‘ಹತ್ತಿದ್ದೆ’ಗಿಂತ ಹತ್ತಿರದ ಮಾತು ಯಾವುದಿದೆ? ಅದನ್ನು ಹಳ್ಳಿ ಮಾತೆಂದು ತರಗತಿಯಿಂದ ಹೊರಗಟ್ಟಿ, ಅನಂತರ ಸೂತ್ರ ಬಾಯಿಪಾಠ ಮಾಡಿಸುತ್ತೇವೆ. ನಾನೂ ಬಹುಕಾಲ ಹಾಗೆ ಮಾಡಿಸಿದವನೇ.