ತೀರ್ಥ: ಶಬ್ದ ಮತ್ತು ಅರ್ಥ



ಪೂಜೆ ಮುಗಿದೊಡನೆ ಅಂಗೈಯೊಡ್ಡಿ ಸ್ವೀಕರಿಸುವ ಉದ್ಧರಣೆಯ ಜಲವನ್ನು ತೀರ್ಥವೆನ್ನುತ್ತೇವೆ. ಆದರೆ ಈ ಶಬ್ದದ ವ್ಯಾಪ್ತಿ ಅಷ್ಟಕ್ಕೇ ಮುಗಿಯದು. ‘ತೄ’ ಧಾತುವಿಗೆ ದಾಟುವುದು ಎಂದರ್ಥ. ಹೊಳೆಯನ್ನು ದಾಟಲು ಇಳಿಯುವ ತಾಣವೇ ಮೂಲತಃ ತೀರ್ಥ. ಸಂಸಾರವನ್ನು ದಾಟಿಸುವುದರಿಂದ ಪುಣ್ಯಜಲವೂ ಶಾಸ್ತ್ರವೂ ಗುರುವೂ ತೀರ್ಥವೆನಿಸಿದರು. ಅಮರಕೋಶವು ಈ ಮೂರು ಅರ್ಥಗಳನ್ನೂ ಹೇಳುತ್ತದೆ. ಆನಂದವನ್ನೀಯುವ ಶಾಸ್ತ್ರವನ್ನು ರಚಿಸಿದ ಶ್ರೀಮದಾಚಾರ್ಯರು ಆನಂದತೀರ್ಥರು.

ಮುಂಬಯಿಯ ವಾಲ್ಕೇಶ್ವರದಲ್ಲಿ ಜಲ, ಗುರು ಎಂಬ ಎರಡು ಅರ್ಥಗಳೂ ಒಂದೆಡೆ ಕೂಡಿವೆ. ಕಡಲಿನ ಉಪ್ಪುನೀರಿಗೆ ಸಮೀಪದಲ್ಲೇ ಬಾಣಗಂಗೆಯ ಸಿಹಿನೀರಿನ ಕೊಳ. ಅದರ ಬಳಿಯ ಕಾಶೀಮಠದಲ್ಲಿ ಶ್ರೀ ಮಾಧವೇಂದ್ರತೀರ್ಥರ ವೃಂದಾವನ.

ಒಬ್ಬನೇ ಗುರುವಿನಲ್ಲಿ ಓದಿದವರನ್ನು ಸಂಸ್ಕೃತವು ‘ಸತೀರ್ಥ್ಯ’ರೆಂದು ಕರೆಯುತ್ತದೆ. ಲೋಕಲ್ ರೈಲಿನ ಧಾವಂತದ ನಡುವೆಯೂ ವಾರಕ್ಕೊಂದು ಘಳಿಗೆ ಮಠದ ಪಾಠಕ್ಕೆ ಕೂಡುವ ಕಚೇರಿಯ ನೌಕರ, ಹೋಟೆಲಿನ ಮಾಣಿ, ಶಾಲೆಯ ಮಗು ಇವರೆಲ್ಲ ಪರಸ್ಪರ ಸತೀರ್ಥ್ಯರೇ. ಆ ಬಾಂಧವ್ಯಕ್ಕೆ ಊರು, ಅಂತಸ್ತುಗಳ ಹಂಗಿಲ್ಲ.

ಇಳಿಯುವ ತಾಣ ಸಿಕ್ಕಿತೆಂದು ದಡದಲ್ಲೇ ನಿಂತವನು ಹೊಳೆ ದಾಟಿದಂತಾಗದು. ಜಲತೀರ್ಥವನ್ನು ಪ್ರಾಶನ ಮಾಡಿ ಶಾಸ್ತ್ರತೀರ್ಥಕ್ಕೆ ಬೆನ್ನುಮಾಡಿದವನ ಸ್ಥಿತಿಯೂ ಅದೇ. ಇಳಿಯಬೇಕು, ದಾಟಬೇಕು, ಜೊತೆಗಿರುವವರ ಕೈಯನ್ನೂ ಹಿಡಿಯಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥