ದ್ರಾವಣದಲ್ಲಿ ಏನಿದೆ?



ನಿವೃತ್ತ ಮೇಷ್ಟ್ರ ಕೈಗೆ ಮೈಕು ಕೊಟ್ಟರೆ ಹಳೆಯ ತಕರಾರನ್ನೇ ತೆಗೆಯುತ್ತಾನೆ ಎಂದು ಈ ವಿಚಾರ ಸಂಕಿರಣದ ಸಂಚಾಲಕರಿಗೆ ಮೊದಲೇ ಹೇಳಿದ್ದೆ. ಆದರೂ ಕರೆದಿದ್ದಾರೆ, ಅವರಿಗೆ ನನ್ನ ಕೃತಜ್ಞತೆ.

ಪೆಯ್ರೋನೆ ಎಂಬ ರಸಾಯನಶಾಸ್ತ್ರಜ್ಞ 1844ರಲ್ಲೇ ತಯಾರಿಸಿದ್ದ ಸಿಸ್‌ಪ್ಲಾಟಿನ್ ಕ್ಯಾನ್ಸರಿಗೆ ಔಷಧವಾಗಬಲ್ಲದೆಂದು ತಿಳಿಯಲು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳೇ ಹಿಡಿದವು. ಮಿಶಿಗನ್‌ನಲ್ಲಿ ವಿಜ್ಞಾನಿ ಬಾರ್ನೆಟ್ ರೋಸನ್‌ಬರ್ಗ್ ಬ್ಯಾಕ್ಟೀರಿಯಾಗಳಿರುವ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದಾಗ ಇ. ಕೋಲಿ ವಿಭಜನೆಯಾಗದೆ 300 ಪಟ್ಟು ಉದ್ದ ಬೆಳೆಯಿತು. ವಿದ್ಯುತ್ತಿನ ಮಹಿಮೆ ಎಂದು ಬರೆದು ಮುಗಿಸಬಹುದಿತ್ತು. ಅವರು ದ್ರಾವಣದಲ್ಲಿ ಏನಿದೆ ಎಂದು ಹುಡುಕಿದರು. ಜಡವೆಂದು ನಂಬಿದ್ದ ಎಲೆಕ್ಟ್ರೋಡಿನ ಪ್ಲಾಟಿನಂ ಕರಗಿ, ಅಲ್ಲಿದ್ದ ಅಮೋನಿಯಂ ಕ್ಲೋರೈಡಿನೊಡನೆ ಸೇರಿ ಸಿಸ್‌ಪ್ಲಾಟಿನ್‌ನಂಥ ಸಂಯುಕ್ತಗಳಾಗಿತ್ತು. 1965ರಲ್ಲಿ ಈ ಕುರಿತ ಲೇಖನ ಬಂತು. 1978ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಮಾನ್ಯತೆ ಸಿಕ್ಕಿತು.

ದ್ರಾವಣದಲ್ಲಿ ಏನಿದೆ ಎಂಬ ಆ ಪ್ರಶ್ನೆಯನ್ನೇ ನಾವು ಕೈಬಿಟ್ಟೆವು ಎಂಬುದು ನನ್ನ ತಕರಾರು. ಲೋಹಕ್ಕೆ ಅಂಟಿದ ಲಿಗ್ಯಾಂಡ್ ಬದಲಿಸು, ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಪ್ರಮಾಣ ಐಸಿ-50 ಅಳೆ, ಸಿಸ್‌ಪ್ಲಾಟಿನ್‌ಗಿಂತ ಕಡಿಮೆ ಬಂದರೆ ಪತ್ರಿಕೆಗೆ ಕಳಿಸು. ಹೀಗೆ ಸಾವಿರಾರು ಸಂಯುಕ್ತಗಳಾದವು. ಜಗತ್ತಿನಾದ್ಯಂತ ಬಳಕೆಗೆ ಬಂದವು ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್, ಆಕ್ಸಾಲಿಪ್ಲಾಟಿನ್, ಮೂರೇ. 

ಒಂದು ವೈವಾದಲ್ಲಿ, ಸಂಯುಕ್ತವನ್ನು ಯಾವುದರಲ್ಲಿ ಕರಗಿಸಿದಿರಿ ಎಂದು ಕೇಳಿದೆ. "ಡಿಎಂಎಸ್‌ಒ ಸರ್, ಎಲ್ಲರೂ ಅದನ್ನೇ ಬಳಸ್ತಾರೆ" ಎಂದ ಹುಡುಗ. ಡಿಎಂಎಸ್‌ಒದ ಗಂಧಕ ಪ್ಲಾಟಿನಂಗೆ ಅಂಟಿ ಕ್ಲೋರೈಡನ್ನು ಹೊರದಬ್ಬುತ್ತದೆ. ಹೋಲಿಕೆಗೆ ಇಟ್ಟುಕೊಂಡ ಸಿಸ್‌ಪ್ಲಾಟಿನ್ನೇ ಹೀಗೆ ಕೆಟ್ಟಿದ್ದರೆ, ಹೊಸ ಸಂಯುಕ್ತ ಗೆದ್ದದ್ದು ಯಾರ ಮೇಲೆ? ಹುಡುಗನದೇನೂ ತಪ್ಪಿಲ್ಲ, ಕಲಿಸಿದವರು ನಾವು.

ರಕ್ತದಲ್ಲೂ ಇದೇ ಕಥೆ. ಒಂದು ದಿನ ಕಳೆಯುವುದರೊಳಗೆ ಪ್ಲಾಸ್ಮಾದಲ್ಲಿ ಉಳಿದ ಪ್ಲಾಟಿನಂನ ಬಹುಪಾಲು ಪ್ರೋಟೀನುಗಳಿಗೆ ಅಂಟಿರುತ್ತದೆ. ಕೋಶದೊಳಗೆ ಹೋದದ್ದರಲ್ಲೂ ಡಿಎನ್‌ಎ ಮುಟ್ಟುವುದು ಅತ್ಯಲ್ಪ. ಆದರೂ ನಾವು ಡಿಎನ್‌ಎಯಲ್ಲಿ ಪ್ಲಾಟಿನಂ ಅಂಟುವ ಗ್ವಾನಿನ್‌ನ ಎನ್-7ರ ಚಿತ್ರ ಬರೆಯುತ್ತ ಕೂತಿದ್ದೇವೆ. ಡಿಎನ್‌ಎ ಮುಟ್ಟದೆ ಉಳಿದ ಪ್ಲಾಟಿನಂ ಮೂತ್ರಪಿಂಡವನ್ನೂ ಕಿವಿಯನ್ನೂ ಕೆಡಿಸುತ್ತದೆ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆಯೊಂದಿದೆ. ವೃಷಣದ ಕ್ಯಾನ್ಸರು ಮೈಯೆಲ್ಲ ಹರಡಿದ್ದರೂ ಸಿಸ್‌ಪ್ಲಾಟಿನ್ ಕೂಡಿದ ಚಿಕಿತ್ಸೆಯಿಂದ ಬಹಳಷ್ಟು ರೋಗಿಗಳು ಪೂರ್ತಿ ಗುಣವಾಗುತ್ತಾರೆ. ಅಂಡಾಶಯದ ಕ್ಯಾನ್ಸರು ಮೊದಲು ಮಣಿದು, ಮುಂದೆ ಬಹುತೇಕರಲ್ಲಿ ಮರಳುತ್ತದೆ. ಅಣು ಒಂದೇ. ವೃಷಣದ ಗಡ್ಡೆಯ ಕೋಶಗಳಿಗೆ ಡಿಎನ್‌ಎ ದುರಸ್ತಿಯ ಶಕ್ತಿ ಕಡಿಮೆ ಎನ್ನುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಲಿಗ್ಯಾಂಡಿನಲ್ಲಿ ಸಿಗುವುದಿಲ್ಲ, ಕೋಶದಲ್ಲಿ ಸಿಗಬೇಕು. ಅದಕ್ಕೇ ಇಲ್ಲಿಗೆ ಬಂದಿರುವ ವೈದ್ಯಮಿತ್ರರು ಊಟದ ಹೊತ್ತಿಗೇ ಹೊರಟುಬಿಡದೆ ನಮ್ಮ ಹುಡುಗರೊಡನೆ ಕೂತು ಮಾತಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ವಿದ್ಯಾರ್ಥಿಗಳೇ, ಈ ಎರಡು ದಿನ ಯಾರು ಐಸಿ-50 ತೋರಿಸಿದರೂ ಎದ್ದು ನಿಂತು ಕೇಳಿ: ದ್ರಾವಣದಲ್ಲಿ ಏನಿತ್ತು? ನನ್ನ ಹಳೆಯ ಲೇಖನಗಳಿಗೂ ರಿಯಾಯಿತಿ ಬೇಡ.